ಎರಡು ಕಂತಿನ ಸಾಕ್ಷಿ

ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಗುಮಾಸ್ತರೊಬ್ಬರ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಆದ್ದರಿಂದ ನೆರೆಹೊರೆಯವರ ಮನೆಗಳಿಗಿಂತ ಆ ಮನೆಯಲ್ಲಿ ರಾತ್ರಿಯು ಎರಡು ತಾಸು ದೀರ್ಘ. ಆ ದೀರ್ಘರಾತ್ರಿಯನ್ನು ಒಂದು ಕಾಲದಲ್ಲಿ ಪುರಾಣ ಪಾರಾಯಣವೂ, ಆಮೇಲೆ ಮಕ್ಕಳ ಪಾಠವೂ, ಮಕ್ಕಳು ಉದ್ಯೋಗ ಅರಸಿ ಊರು ಬಿಟ್ಟ ಮೇಲೆ ದೂರದರ್ಶನವೂ ತುಂಬಿದವು. 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಆರಂಭವಾದಾಗ, ಬೇಗ ಮಲಗುವ ಅಭ್ಯಾಸವನ್ನೂ ಬದಿಗಿಟ್ಟು, ಗುಮಾಸ್ತರೂ ಅವರ ಮಡದಿಯೂ ರಾತ್ರಿ ಒಂಬತ್ತೂವರೆಗೆ ಅದರ ಮುಂದೆ ಕುಳಿತುಕೊಳ್ಳತೊಡಗಿದರು.

ಅವರಿಗೆ ಇದು ಹೊಸ ರುಚಿಯೇನೂ ಆಗಿರಲಿಲ್ಲ. 1998ರಲ್ಲಿ ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದಾಗ ಮಂಡಿಯ ಯಜಮಾನರೇ ಗದ್ದುಗೆಯಿಂದೆದ್ದು ಮನೆಗೆ ಹೋಗಿಬಿಡುತ್ತಿದ್ದರೆಂದು ಗುಮಾಸ್ತರು ನೆನೆಯುವುದುಂಟು. ಅದರಲ್ಲಿ ಎಚ್. ಜಿ. ದತ್ತಾತ್ರೇಯ ಅವರಿದ್ದರು. ಚಿತ್ರದುರ್ಗದಲ್ಲಿ ಹುಟ್ಟಿ, ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, ಆ ಮೇಲೆ ಪೂರ್ಣಾವಧಿ ನಟರಾದವರು. ‘ದತ್ತಣ್ಣ’ ಎಂದರೇ ನಾಡಿಗೆ ಪರಿಚಯ. ನಮ್ಮ ದುರ್ಗದವರು ಎಂಬ ಅಭಿಮಾನ ಜಿಲ್ಲೆಯ ಮನೆಮನೆಯಲ್ಲೂ ಇತ್ತು. ಅವಿನಾಶ್, ಮಾಳವಿಕಾ, ಎಂ. ಡಿ. ಪಲ್ಲವಿ ಮೊದಲಾದವರ ಮುಖಗಳು ಮನೆಯವರ ಮುಖಗಳಷ್ಟೇ ಪರಿಚಿತವಾದದ್ದು ಆ ವರ್ಷಗಳಲ್ಲಿಯೇ. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ‘ಮಹಾಪರ್ವ’ ಒಂದರ ಹಿಂದೊಂದು ಬಂದವು. ಕತೆ ಯಾವುದಾದರೂ ಸರಿ, ಒಂದು ಹಂತದಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರಲೇಬೇಕು. ಕರಿಕೋಟು ಧರಿಸಿದ ವಕೀಲ ಸಿ.ಎಸ್.ಪಿ. ಎದ್ದು ನಿಲ್ಲಲೇಬೇಕು. ಆ ಪಾತ್ರವನ್ನು ವಹಿಸುತ್ತಿದ್ದವರು ಸ್ವತಃ ಸೀತಾರಾಮ್. ಕಾನೂನು ಓದಿದವರು, ‘ಆಸ್ಫೋಟ’ದಂತಹ ನಾಟಕ ಬರೆದವರು, 1976ರಲ್ಲಿಯೇ ಪಿ. ಲಂಕೇಶರ ‘ಪಲ್ಲವಿ’ ಚಿತ್ರದ ನಾಯಕರಾಗಿದ್ದವರು. ಪಾಟೀಸವಾಲಿನಲ್ಲಿ ದನಿಯೇರಿಸದೆ, ಸಾಕ್ಷಿಯ ಮುಖವನ್ನೇ ನೋಡುತ್ತ, ಒಂದು ಸಣ್ಣ ಪ್ರಶ್ನೆಯನ್ನು ಕೇಳಿ ಸುಮ್ಮನಾಗುವ ಅವರ ರೀತಿಯನ್ನು ಕಂಡು ವಕೀಲರಾಗಬೇಕೆಂದು ಹಂಬಲಿಸಿದ ಹುಡುಗರು ಬಯಲುಸೀಮೆಯಲ್ಲಿಯೂ ಇದ್ದರು.

ಗುಮಾಸ್ತರ ಮಡದಿಯ ಕಣ್ಣು ಮಾತ್ರ ಬೇರೆ ಕಡೆಗೆ. ಮುಖ್ಯಪಾತ್ರಗಳಿಗಿಂತ, ಒಂದೆರಡು ಕಂತುಗಳಿಗೆ ಬಂದು ಹೋಗುವ ಅತಿಥಿ ನಟರನ್ನೇ ಆಕೆ ಗಮನಿಸುತ್ತಿದ್ದರು. ಶವಪರೀಕ್ಷೆ ಮಾಡಿದ ವೈದ್ಯ, ದಸ್ತಾವೇಜು ಬರೆದ ಬರಹಗಾರ, ರಾತ್ರಿ ಕೂಗು ಕೇಳಿಸಿತೆನ್ನುವ ಪಕ್ಕದ ಮನೆಯಾತ: ಇವರೆಲ್ಲ ಕಟಕಟೆ ಹತ್ತಿ, ನಾಲ್ಕು ಮಾತಾಡಿ, ಇಳಿದು, ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಕಂತಿನ ಕೊನೆಗೆ ಸಣ್ಣಕ್ಷರದಲ್ಲಿ ಸರ್ರನೆ ಸರಿದುಹೋಗುವ ಹೆಸರುಗಳಲ್ಲಿ ಇವರ ಹೆಸರನ್ನು ಹಿಡಿಯಲು ಆಕೆ ಕನ್ನಡಕ ಒರೆಸಿಕೊಂಡು ಸಿದ್ಧರಾಗಿರುತ್ತಿದ್ದರು. ‘ಈ ಮನುಷ್ಯ ಹಿಂದಿನ ಧಾರಾವಾಹಿಯಲ್ಲಿ ನ್ಯಾಯಾಧೀಶನಾಗಿ ಕೂತಿದ್ದ, ಈಗ ನೋಡಿದರೆ ಸುಳ್ಳುಸಾಕ್ಷಿ ಹೇಳಲಿಕ್ಕೆ ಬಂದಿದ್ದಾನೆ’ ಎಂದು ಒಮ್ಮೆ ನಗುತ್ತ ಹೇಳಿದ್ದರು.

ಆಕೆಯ ಗಮನ ಸಲ್ಲಬೇಕಾದಲ್ಲಿಯೇ ಸಲ್ಲುತ್ತಿತ್ತೆನ್ನಬೇಕು. ಅತ್ತೆ ಸೊಸೆಯರ ಕತೆಯನ್ನು ಒಂದು ಮನೆ, ಎಂಟು ಜನರನ್ನಿಟ್ಟುಕೊಂಡು ವರ್ಷಗಟ್ಟಲೆ ನಡೆಸಬಹುದು. ನ್ಯಾಯಾಲಯದ ಕತೆಗೆ ಆ ಅನುಕೂಲವಿಲ್ಲ. ಪ್ರತಿ ಮೊಕದ್ದಮೆಗೂ ಹೊಸ ಮುಖಗಳು ಬೇಕು. ಹಾಗೆ ಬಂದ ನಟನಿಗೆ ಹಿಂದಿನ ಕತೆಯಿಲ್ಲ, ಮುಂದಿನ ಕಂತಿಲ್ಲ. ನಿಂತ ಕಾಲ ಮೇಲೆ, ಹತ್ತು ವಾಕ್ಯಗಳಲ್ಲಿ, ತಾನೊಬ್ಬ ನಿಜವಾದ ಮನುಷ್ಯನೆಂದು ನಂಬಿಸಬೇಕು. ರಂಗಭೂಮಿಯಲ್ಲಿ ಪಳಗಿದವರಿಗೇ ಅದು ಸುಲಭ. ಅಮೆರಿಕದಲ್ಲಿಯೂ ಹೀಗೆಯೇ. ‘ಲಾ ಅಂಡ್ ಆರ್ಡರ್’ ಎಂಬ ಧಾರಾವಾಹಿಯು ನ್ಯೂಯಾರ್ಕಿನ ರಂಗನಟರನ್ನು ಧಾರಾಳವಾಗಿ ಬಳಸಿಕೊಂಡಿತು. 1991ರಲ್ಲಿ ಒಂದು ಕಂತಿಗೆ ಮಗುವನ್ನು ಕಳೆದುಕೊಂಡ ತಾಯಿಯಾಗಿ ಬಂದ ಎಪೇತಾ ಮರ್ಕರ್ಸನ್ ಎಂಬ ನಟಿ 1993ರಲ್ಲಿ ಅದೇ ಧಾರಾವಾಹಿಯ ಪೊಲೀಸ್ ಅಧಿಕಾರಿಣಿಯಾಗಿ ಮರಳಿ, 2010ರವರೆಗೂ ಉಳಿದರು. ಅದಕ್ಕೂ ಹಿಂದಿನ ‘ಪೆರ್ರಿ ಮೇಸನ್’ 1957ರಿಂದ 1966ರವರೆಗೆ ನಡೆಯಿತು. ವಕೀಲ ಮೇಸನ್ ಪ್ರಶ್ನೆಗಳ ಸುರಿಮಳೆಗರೆದಾಗ, ವಾರಕ್ಕೊಬ್ಬರಂತೆ ಬಂದ ಅತಿಥಿ ನಟರು ಕಟಕಟೆಯಲ್ಲಿಯೇ ತಪ್ಪೊಪ್ಪಿಕೊಂಡುಬಿಡುತ್ತಿದ್ದರು. ಮೂಲ ಕಾದಂಬರಿಗಳನ್ನು ಬರೆದ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ ಸ್ವತಃ ವಕೀಲರು. ಕಟ್ಟಕಡೆಯ ಕಂತಿನಲ್ಲಿ ಅವರೇ ಅತಿಥಿಯಾಗಿ ಬಂದು ನ್ಯಾಯಾಧೀಶನ ಪೀಠದಲ್ಲಿ ಕುಳಿತರು. ಪ್ರತಿ ವಾರವೂ ಸೋಲುವ ಸರ್ಕಾರಿ ವಕೀಲನ ಪಾತ್ರ ವಿಲಿಯಂ ಟಾಲ್‌ಮನ್ ಎಂಬವರದು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ 1968ರಲ್ಲಿ, ಐವತ್ಮೂರರ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ, ಅವರು ಕ್ಯಾಮೆರಾದ ಮುಂದೆ ತಮ್ಮ ಸ್ವಂತ ಹೆಸರಿನಲ್ಲಿ ಕುಳಿತು, ಸಿಗರೇಟು ಬಿಡಿರೆಂದು ಜನರನ್ನು ಬೇಡಿಕೊಂಡರು. ಪಾತ್ರಧಾರಿಯೊಬ್ಬ ಪಾತ್ರವನ್ನು ಕಳಚಿಟ್ಟು ಸಾಕ್ಷಿ ನುಡಿದ ಅಪರೂಪದ ಪ್ರಸಂಗವದು.

ನಟನು ಆಡುವ ಮಾತು ಸುಳ್ಳೇ? ಈ ಪ್ರಶ್ನೆಯನ್ನು ಗುಮಾಸ್ತರು ಎಂದೂ ಕೇಳಿಕೊಂಡವರಲ್ಲ. ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಬಯಲಾಟ ನೋಡಿ ಬೆಳೆದವರು ಅವರು. ರಾತ್ರಿಯೆಲ್ಲ ಕಿರೀಟ ಕಟ್ಟಿ ದುರ್ಯೋಧನನಾಗಿ ಆರ್ಭಟಿಸಿದವನು ಬೆಳಗಾದೊಡನೆ ಬಣ್ಣ ತೊಳೆದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುವುದನ್ನು ಕಂಡವರು. ಕಿರೀಟದ ಕೆಳಗೆ ಯಾರಿದ್ದಾರೆಂಬುದು ಆಡುವವನಿಗೂ ಗೊತ್ತು, ನೋಡುವವರಿಗೂ ಗೊತ್ತು, ಅಲ್ಲಿ ಮೋಸಹೋಗುವವರಿಲ್ಲ. ಇದೇ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಮಠವೊಂದು ರಂಗತಂಡವನ್ನೇ ಕಟ್ಟಿ, ‘ಶಿವಸಂಚಾರ’ವೆಂದು ಊರೂರಿಗೆ ನಾಟಕಗಳನ್ನು ಕಳುಹಿಸುತ್ತ ಬಂದಿರುವುದಕ್ಕೂ ಜನರ ಈ ತಿಳಿವಳಿಕೆಯೇ ಆಧಾರ. ಆದರೆ ಕಟಕಟೆಯಲ್ಲಿ ನಿಂತವನ ಎದುರಿಗೆ ಕುಳಿತವರಿಗೆ ಕಿರೀಟದ ಕೆಳಗಿರುವವನಾರೆಂಬುದು ತಿಳಿದಿರುವುದಿಲ್ಲ. ಈ ವ್ಯತ್ಯಾಸ ಗುಮಾಸ್ತರಿಗೆ ಮನದಟ್ಟಾದದ್ದು 2019ರ ಬೇಸಿಗೆಯಲ್ಲಿ, ಮೊಳಕಾಲ್ಮೂರಿನ ನ್ಯಾಯಾಲಯದಿಂದ ಅವರ ಹೆಸರಿಗೇ ಸಾಕ್ಷಿ ಸಮನ್ಸು ಬಂದಾಗ.

ಹಿನ್ನೆಲೆ ಇಷ್ಟು. ಗುಮಾಸ್ತರ ತಂಗಿಯನ್ನು ಕೊಟ್ಟದ್ದು ಮೊಳಕಾಲ್ಮೂರಿಗೆ. ಭಾವನಿಗೆ ರೇಷ್ಮೆ ಸೀರೆಯ ವ್ಯಾಪಾರ, ಊರ ಹೊರಗೆ ಆರೆಕರೆ ಹೊಲ. ಹೊಲದ ಶೇಂಗಾ ಬರುತ್ತಿದ್ದುದು ಗುಮಾಸ್ತರ ಮಂಡಿಗೇ. 2006ರಲ್ಲಿ ಒಂದು ದಿನ ಸೋದರಳಿಯ ಮಂಡಿಗೆ ಬಂದು, ಮಡಿಸಿದ ಕಾಗದವೊಂದನ್ನು ಲೆಕ್ಕದ ಪುಸ್ತಕದ ಮೇಲಿಟ್ಟು, ‘ಮಾವ, ಅಪ್ಪನ ಉಯಿಲು. ಸಾಕ್ಷಿಯೆಂದು ನಿಮ್ಮದೊಂದು ಸಹಿ ಬೇಕಂತೆ’ ಎಂದ. ಆವಕದ ಕಾಲ; ಹೊರಗೆ ಚೀಲಗಳ ರಾಶಿ, ಹಮಾಲರ ಕೂಗು. ಗುಮಾಸ್ತರು ಕಾಗದದ ಕೆಳಗೆ ಭಾವನ ಸಹಿಯಿರುವುದನ್ನು ನೋಡಿ, ಬೆರಳು ತೋರಿಸಿದ ಕಡೆ ತಮ್ಮ ಸಹಿ ಹಾಕಿ ಕಳುಹಿಸಿದರು. ಮುಂದಿನ ವಾರ ಭಾವ ಬಂದಾಗ ಮಳೆಯ ಮಾತು, ಧಾರಣೆಯ ಮಾತು ಆಡಿದರೇ ಹೊರತು ಉಯಿಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

2016ರಲ್ಲಿ ಭಾವ ತೀರಿಕೊಂಡರು. ಉಯಿಲಿನಂತೆ ಮನೆ, ಹೊಲ, ಅಂಗಡಿ ಎಲ್ಲವೂ ಮಗನಿಗೆ. ದಾವಣಗೆರೆಗೆ ಕೊಟ್ಟಿದ್ದ ಮಗಳು, ತಂದೆ ತನ್ನನ್ನು ಹೀಗೆ ಮರೆತಿರಲಾರರೆಂದು ಪಾಲಿಗಾಗಿ ದಾವೆ ಹೂಡಿದಳು. ಉಯಿಲಿಗೆ ಇದ್ದ ಸಾಕ್ಷಿಗಳಿಬ್ಬರಲ್ಲಿ ಒಬ್ಬರು ಆಗಲೇ ಕಾಲವಾಗಿದ್ದರು. ಉಳಿದವರು ಗುಮಾಸ್ತರು.

ಕಾನೂನು ಈ ವಿಷಯದಲ್ಲಿ ಬಹಳ ಬಿಗಿ. ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಪ್ರಕರಣದಂತೆ, ಉಯಿಲು ಬರೆದವರು ಸಹಿ ಹಾಕುವುದನ್ನು ಸಾಕ್ಷಿಯು ಕಣ್ಣಾರೆ ಕಂಡಿರಬೇಕು, ಇಲ್ಲವೆ ಇದು ನನ್ನ ಸಹಿಯೆಂದು ಬರೆದವರ ಬಾಯಿಂದಲೇ ಕೇಳಿರಬೇಕು. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದಂತೆ ಬದುಕಿರುವ ಸಾಕ್ಷಿಯೊಬ್ಬರನ್ನಾದರೂ ಕರೆಸಿ ಅದನ್ನು ರುಜುವಾತುಪಡಿಸಬೇಕಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಈ ನಿಯಮ ಉಳಿದುಕೊಂಡಿದೆ. ಗುಮಾಸ್ತರು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಧಾರಾವಾಹಿಯ ಕತೆಯಾಗಿದ್ದರೆ ಉಯಿಲು ಖೋಟಾ ಆಗಿರುತ್ತಿತ್ತು, ಸೋದರಳಿಯ ದುಷ್ಟನಾಗಿರುತ್ತಿದ್ದ. ಇಲ್ಲಿ ಹಾಗಿರಲಿಲ್ಲ. ಭಾವನ ಸಹಿಯನ್ನು ಇಪ್ಪತ್ತು ವರ್ಷ ಮಂಡಿಯ ಪಟ್ಟಿಗಳಲ್ಲಿ ಕಂಡಿದ್ದ ಗುಮಾಸ್ತರಿಗೆ ಆ ಸಹಿ ಭಾವನದೇ ಎಂಬುದರಲ್ಲಿ ಸಂದೇಹವಿರಲಿಲ್ಲ. ‘ನೋಡಿದೆ’ ಎಂಬ ಒಂದು ಪದ ಸುಳ್ಳಾದರೂ ಅದರಿಂದ ಸಿದ್ಧವಾಗುವುದು ಬಹುಶಃ ನಿಜವೇ. ಸುಳ್ಳು ಇಷ್ಟು ಸಜ್ಜನ ವೇಷದಲ್ಲಿ ಬಂದಾಗಲೇ ಅದನ್ನು ಗುರುತಿಸುವುದು ಕಷ್ಟ.

ತಂಗಿ ಚಳ್ಳಕೆರೆಗೆ ಬಂದಳು. ‘ಅಣ್ಣ, ನಾನು ನಿನ್ನ ಹತ್ತಿರ ಇದುವರೆಗೆ ಏನನ್ನೂ ಕೇಳಿದವಳಲ್ಲ. ಮಗನ ಮನೆಯಲ್ಲಿ ನನ್ನ ಅನ್ನ. ಅವರ ಸಹಿ ಅಲ್ಲವೆಂದೇನೂ ನೀನು ಹೇಳಬೇಕಾಗಿಲ್ಲವಲ್ಲ? ಎದುರಿಗೇ ಹಾಕಿದರು ಅಂತ ಒಂದು ಮಾತು, ಅಷ್ಟೆ’ ಎಂದಳು. ಗುಮಾಸ್ತರು ಉತ್ತರ ಕೊಡಲಿಲ್ಲ. ಆ ರಾತ್ರಿ ದೂರದರ್ಶನ ಹಾಕಲಿಲ್ಲ.

ವಸುರಾಜನ ಕತೆ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಹರಿವಂಶಪುರಾಣದಲ್ಲಿ ಬರುವ ಆ ಅರಸನ ಸ್ಫಟಿಕದ ಸಿಂಹಾಸನ, ಅವನ ಸತ್ಯದ ಬಲದಿಂದ ಆಕಾಶದಲ್ಲಿಯೇ ನಿಂತಿದೆಯೆಂದು ಜನ ನಂಬಿದ್ದರು. ‘ಅಜ’ವೆಂದರೆ ಮೊಳೆಯದ ಹಳೆಯ ಧಾನ್ಯವೋ, ಆಡೋ ಎಂದು ನಾರದ ಪರ್ವತರಿಗೆ ವಾದ ಬಿದ್ದಾಗ, ಗುರುಗಳು ಹೇಳಿದ ಅರ್ಥವೇನೆಂದು ತಿಳಿದಿದ್ದವನು ವಸುವೊಬ್ಬನೇ. ಪರ್ವತನ ತಾಯಿ, ಅಂದರೆ ಗುರುಪತ್ನಿ, ಹಿಂದಿನ ರಾತ್ರಿಯೇ ಬಂದು ಮಗನ ಪರವಾಗಿ ನುಡಿಯೆಂದು ಬೇಡಿಕೊಂಡಳು. ಮರುದಿನ ಸಭೆಯಲ್ಲಿ ವಸು ಆಡೆಂದು ನುಡಿದ; ಸಿಂಹಾಸನ ನೆಲಕ್ಕೆ ಕುಸಿಯಿತು. ಗುಮಾಸ್ತರು ಈ ಕತೆಯನ್ನು ಬಾಲ್ಯದಿಂದ ಕೇಳಿದವರೇ. ಆದರೆ ಕತೆಯಲ್ಲಿ ಕುಸಿದ ಸಿಂಹಾಸನವಷ್ಟೇ ಅವರ ನೆನಪಿನಲ್ಲಿ ಉಳಿದಿತ್ತು. ಹಿಂದಿನ ರಾತ್ರಿ ಬಾಗಿಲಲ್ಲಿ ಬಂದು ನಿಂತ ತಾಯಿಯ ಕಣ್ಣೀರು ನೆನಪಾದದ್ದು ತಂಗಿ ಬಂದುಹೋದ ಮೇಲೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಹೇಳುತ್ತದೆ. ಖೋಟಾ ಪತ್ರ ಬರೆಯುವವರಿಗೆ ಅನ್ವಯಿಸುವ ಮಾತದು ಎಂದು ತಿಳಿದಿದ್ದ ಅವರಿಗೆ, ಕಾಣದ್ದನ್ನು ಕಂಡೆನೆಂದು ಹಾಕಿದ ತಮ್ಮ ಸಹಿಯೂ ಅದರ ನೆರಳಿನಲ್ಲಿಯೇ ಇದೆಯೆಂದು ಮೊದಲ ಸಲ ಹೊಳೆಯಿತು.

ವಕೀಲರ ಕಚೇರಿಯಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಅನಂತರ ಸಿವಿಲ್ ದಾವೆಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ ಸಾಮಾನ್ಯವಾಗಿ ಪ್ರಮಾಣಪತ್ರದ ಮೂಲಕವೇ ನಡೆಯುತ್ತದೆ. ಅಂದರೆ ಸಾಕ್ಷಿಯು ಹೇಳಬೇಕಾದ ಮಾತು ಮೊದಲೇ ಬೆರಳಚ್ಚಾಗಿ ಬಂದಿರುತ್ತದೆ. ನಟನಿಗೆ ಸಂಭಾಷಣೆಯ ಹಾಳೆ ಕೊಟ್ಟಂತೆ, ಗುಮಾಸ್ತರ ಕೈಗೂ ಮೂರು ಹಾಳೆಗಳು ಬಂದವು. ‘ನನ್ನ ಸಮಕ್ಷಮ ಸಹಿ ಮಾಡಿದರು’ ಎಂಬ ಸಾಲಿಗೆ ಬಂದಾಗ ಅವರು ಲೇಖನಿಯನ್ನು ಕೆಳಗಿಟ್ಟು, ‘ಇದು ನಡೆದಿಲ್ಲ’ ಎಂದರು. ಸೋದರಳಿಯನ ಮುಖ ಕಪ್ಪಿಟ್ಟಿತು. ವಕೀಲರು ಒತ್ತಾಯಿಸಲಿಲ್ಲ. ಸಾಕ್ಷಿ ಹೀಗೆಂದರೂ ಇತರ ಪುರಾವೆಗಳಿಂದ ಉಯಿಲನ್ನು ರುಜುವಾತುಪಡಿಸಲು ಕಾನೂನಿನಲ್ಲಿ ದಾರಿಯುಂಟೆಂದೂ, ಸಾಕ್ಷಿ ನೇರವಾಗಿ ನ್ಯಾಯಾಲಯದಲ್ಲಿಯೇ ನುಡಿಯಲೆಂದೂ ಹೇಳಿ ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡರು.

ವಾಯಿದೆಯ ದಿನ ಗುಮಾಸ್ತರು ಬೆಳಗಿನ ಬಸ್ಸಿನಲ್ಲಿ ತಳುಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಮೊಳಕಾಲ್ಮೂರು ತಲುಪಿದರು. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಬಂಡೆಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬುದು ಅಲ್ಲಿಯ ಆದೇಶದ ತಾತ್ಪರ್ಯ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಮಾತು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ಅತ್ತ ಹೋಗಲು ಗುಮಾಸ್ತರಿಗೆ ಅಂದು ವೇಳೆಯಿರಲಿಲ್ಲ.

ನ್ಯಾಯಾಲಯದ ಒಳಗು ಅವರು ನೋಡಿ ಬಲ್ಲ ಯಾವ ದೃಶ್ಯಕ್ಕೂ ಹೊಂದಲಿಲ್ಲ. ಎರಡು ತಾಸು ಹೊರಗಿನ ಬೆಂಚಿನ ಮೇಲೆ ಕಾದ ಬಳಿಕ ಜವಾನ ಹೆಸರು ಕೂಗಿದ. ಭಗವದ್ಗೀತೆಯ ಮೇಲೆ ಕೈಯಿಡಿಸುತ್ತಾರೆಂದುಕೊಂಡಿದ್ದರು. ಯಾವ ಗ್ರಂಥವೂ ಬರಲಿಲ್ಲ. 1969ರ ಪ್ರಮಾಣಗಳ ಅಧಿನಿಯಮ ಗ್ರಂಥವನ್ನು ಕೇಳುವುದಿಲ್ಲ. ಬಾಯಿಮಾತಿನ ಪ್ರಮಾಣವೇ ಸಾಕು. ವಕೀಲರು ಅತ್ತಿತ್ತ ಓಡಾಡಲಿಲ್ಲ, ಮೇಜು ಗುದ್ದಲಿಲ್ಲ. ಒಂದೊಂದು ಉತ್ತರ ಬಂದಾಗಲೂ ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ಹೇಳುವರು, ಬೆರಳಚ್ಚುಗಾರ್ತಿ ಬರೆದುಕೊಳ್ಳುವಳು. ಅಷ್ಟು ಹೊತ್ತು ಎಲ್ಲರೂ ಸುಮ್ಮನಿರಬೇಕು. ಆ ಮೌನಗಳನ್ನು ಯಾವ ಧಾರಾವಾಹಿಯೂ ತೋರಿಸಲಾರದು, ತೋರಿಸಿದರೆ ನೋಡುವವರಿರುವುದಿಲ್ಲ. ಸಾಕ್ಷಿಗೆ ತನ್ನ ಮಾತು ತನಗೇ ಕೇಳಿಸುವುದು ಮಾತ್ರ ಆ ಮೌನಗಳಲ್ಲಿಯೇ.

‘ಉಯಿಲಿಗೆ ಸಹಿ ಹಾಕುವುದನ್ನು ನೀವು ನೋಡಿದಿರಾ?’

‘ಇಲ್ಲ. ಸಹಿಯಾದ ಕಾಗದ ನನ್ನ ಬಳಿಗೆ ಬಂತು. ನೋಡದೆಯೇ ಸಾಕ್ಷಿ ಹಾಕಿದೆ.’

ಸಾಕ್ಷಿ ಪ್ರತಿಕೂಲವಾಗಿದ್ದಾರೆ, ಪಾಟೀಸವಾಲಿಗೆ ಅನುಮತಿ ಬೇಕೆಂದು ಸೋದರಳಿಯನ ವಕೀಲರು ತಗ್ಗಿದ ದನಿಯಲ್ಲಿ ಕೇಳಿದರು. ಪರದೆಯ ಮೇಲೆ ವಾದ್ಯಗಳು ಭೋರ್ಗರೆಯುವ ಕ್ಷಣವದು. ಇಲ್ಲಿ ಒಂದು ಸಾಲು ಬೆರಳಚ್ಚಾಯಿತು. ಆಮೇಲೆ ಮಗಳ ಕಡೆಯ ವಕೀಲರು ಹುರುಪಿನಿಂದೆದ್ದು, ‘ಹಾಗಾದರೆ ಆ ಸಹಿಯೇ ಖೋಟಾ ಎಂದರೆ ಸರಿಯೆ?’ ಎಂದರು.

‘ಸರಿಯಲ್ಲ. ಸಹಿ ನಮ್ಮ ಭಾವನದೇ. ಇಪ್ಪತ್ತು ವರ್ಷ ನೋಡಿದ ಸಹಿ. ಹಾಕಿದ್ದನ್ನು ಮಾತ್ರ ನೋಡಿಲ್ಲ.’

ಆ ವಕೀಲರ ಹುರುಪೂ ಇಳಿಯಿತು. ಎರಡು ಪಕ್ಷಗಳಿಗೂ ಬೇಡವಾದ ಸಾಕ್ಷಿಯಾಗಿ ಗುಮಾಸ್ತರು ಕೆಳಗಿಳಿದರು. ಅವರ ಹೇಳಿಕೆಯ ಹಾಳೆಗಳನ್ನು ತಂದು ಸಹಿ ಹಾಕಲು ಹೇಳಿದಾಗ, ಅವರು ಕನ್ನಡಕ ತೆಗೆದು ಧರಿಸಿ ಮೊದಲ ಸಾಲಿನಿಂದ ಓದತೊಡಗಿದರು. ಹಿಂದೆ ಸರದಿಯಲ್ಲಿದ್ದವರು ಗೊಣಗಿದರು. ಒಂದು ಕಡೆ ಇಸವಿ ತಪ್ಪಾಗಿ ಬಿದ್ದಿತ್ತು; ತೋರಿಸಿ ತಿದ್ದಿಸಿದರು. ಅನಂತರ ಸಹಿ ಹಾಕಿದರು.

ತಂಗಿ ನ್ಯಾಯಾಲಯದ ಅಂಗಳದಲ್ಲಿದ್ದರೂ ಮಾತಾಡಿಸಲಿಲ್ಲ. ಸೋದರ ಸೊಸೆ ಬಂದು ಕಾಲು ಮುಟ್ಟಿದಳು. ಅದೂ ಅವರಿಗೆ ಸಮಾಧಾನ ತರಲಿಲ್ಲ, ಏಕೆಂದರೆ ಅವಳು ಮಾವ ತನ್ನ ಪಕ್ಷ ವಹಿಸಿದರೆಂದು ತಿಳಿದಂತಿತ್ತು. ಬಸ್ಸು ತಡವಾಗಿ, ಚಳ್ಳಕೆರೆ ಸೇರುವಾಗ ಸೂರ್ಯ ಮುಳುಗಿದ್ದ, ಅಂದು ಊಟವಿಲ್ಲ. ಮಡದಿ ಏನನ್ನೂ ಕೇಳಲಿಲ್ಲ. ಒಂಬತ್ತೂವರೆಗೆ ಎಂದಿನಂತೆ ‘ಮಗಳು ಜಾನಕಿ’ ಬಂತು. ಕಂತು ಮುಗಿದ ಮೇಲೆ ಸರಿದುಹೋಗುವ ಹೆಸರುಗಳನ್ನು ಆ ದಿನ ಇಬ್ಬರೂ ಕೂಡಿ ನೋಡಿದರು.

ಧಾರಾವಾಹಿ 2020ರಲ್ಲಿ ನಿಂತುಹೋಯಿತು. ದಾವೆ ಅದಕ್ಕಿಂತ ಎರಡು ವರ್ಷ ಹೆಚ್ಚು ನಡೆದು, 2022ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಂಗಡಿ ಮಗನಿಗೆ, ಹೊಲದಲ್ಲಿ ಮಗಳಿಗೆ ಪಾಲು, ಮನೆ ತಾಯಿಯ ಹೆಸರಿಗೆ. ಅಣ್ಣ ತಂಗಿಯರ ನಡುವೆ ಆ ಮೂರು ವರ್ಷ ಹಬ್ಬಹರಿದಿನಗಳಲ್ಲಿಯೂ ಮಾತಿರಲಿಲ್ಲ. ರಾಜಿಯಾದ ಮರುವರ್ಷ ಕ್ಷಮಾವಣಿಯ ದಿನ ಕಳೆದು ಒಂದು ವಾರಕ್ಕೆ ಮೊಳಕಾಲ್ಮೂರಿನಿಂದ ದೂರವಾಣಿ ಬಂತು. ತಂಗಿ ಕುಶಲ ಕೇಳಲಿಲ್ಲ.

‘ಅಣ್ಣ, ಮನೆಯ ವಿಷಯಕ್ಕೆ ನಾನೊಂದು ಉಯಿಲು ಬರೆಸಬೇಕು. ಕಾಗದ ಅಲ್ಲಿಗೆ ಕಳಿಸುವುದಿಲ್ಲ. ನೀನೇ ಬರಬೇಕು. ನಾನು ಸಹಿ ಹಾಕುವಾಗ ಎದುರಿಗೆ ಕೂತು ನೋಡಬೇಕು.’

ಗುಮಾಸ್ತರು ಮರುದಿನದ ಬೆಳಗಿನ ಬಸ್ಸಿಗೇ ಹೊರಟರು.